ಗೇಣಿಗೂ ಚಿಕ್ಕ ಬೋರ್ಡು, ಬೇಸಿಗೆಯ ಆಟ

ಮೇ ತಿಂಗಳಲ್ಲಿ ವಿಜಯವಾಡದ ಬಿಸಿಲು 40 ಡಿಗ್ರಿ ದಾಟುತ್ತದೆ. ಅಲ್ಲಿನ ಕೃಷ್ಣೆಯ ದಡದ ಭವಾನಿಪುರಂ ಇರಲಿ, ಅದೇ ನದಿಯ ಮೇಲ್ದಂಡೆಯ ನಮ್ಮ ರಾಯಚೂರು ಸೀಮೆ ಇರಲಿ, ಎಸಿ ಇಲ್ಲದ ಕೋಣೆಯಲ್ಲಿ ಗೇಮ್ ಆಡುವವರು ಪುಟ್ಟ ಮದರ್‌ಬೋರ್ಡ್ ಕೊಳ್ಳುವ ಮುಂಚೆ ಕೇಳಬೇಕಾದ್ದು ಒಂದೇ: ಈ ಸೆಕೆಯಲ್ಲಿ ಇದು ಬಾಳುತ್ತದೆಯೇ? ಬೋರ್ಡುಗಳು ಚಿಕ್ಕವಾಗುತ್ತ ಬಂದಂತೆ ಅವನ್ನು ಒರೆಗೆ ಹಚ್ಚುವ ಕ್ರಮವೂ ಬೆಳೆದಿದೆ. ಈ ಪ್ರಶ್ನೆಗೆ ಮಾತ್ರ ಅದು ಇನ್ನೂ ಪೂರ್ತಿ ಉತ್ತರಿಸಿಲ್ಲ.

1995ರಲ್ಲಿ ಇಂಟೆಲ್ ತಂದ ಎಟಿಎಕ್ಸ್ ಬೋರ್ಡಿನ ಅಳತೆ 30.5 ಸೆಂ.ಮೀ. ಉದ್ದ, 24.4 ಸೆಂ.ಮೀ. ಅಗಲ. 2001ರಲ್ಲಿ ತೈವಾನಿನ ವಿಯಾ ಕಂಪನಿ ಪರಿಚಯಿಸಿದ ಮಿನಿ-ಐಟಿಎಕ್ಸ್ ಉದ್ದಗಲ ಎರಡರಲ್ಲೂ 17 ಸೆಂ.ಮೀ. ಮಾತ್ರ; ವಿಸ್ತೀರ್ಣದಲ್ಲಿ ಎಟಿಎಕ್ಸ್‌ನ ಐದರಲ್ಲಿ ಎರಡು ಪಾಲೂ ಇಲ್ಲ. ವಿಯಾದ ಎಪಿಯಾ ಬೋರ್ಡುಗಳು ಶಕ್ತಿಗಿಂತ ಮಿತವ್ಯಯಕ್ಕೆ ಹೆಸರಾದವು, ಗೇಮಿಂಗ್ ಅವಕ್ಕೆ ದೂರದ ಮಾತಾಗಿತ್ತು. 2009ರ ಹೊತ್ತಿಗೆ ಎನ್ವಿಡಿಯಾದ ಅಯಾನ್, 2011ರಲ್ಲಿ ಎಎಂಡಿಯ ಇ-350 ಒಂದಿಷ್ಟು ಗ್ರಾಫಿಕ್ಸ್ ಬಲ ತಂದವು. 2018ರಲ್ಲಿ ಎಎಂಡಿಯ ರೈಜೆನ್ 5 2400ಜಿ ಪ್ರೊಸೆಸರ್ ಬಂದ ಮೇಲೆ ಪ್ರತ್ಯೇಕ ಕಾರ್ಡಿಲ್ಲದೆಯೂ ಅನೇಕ ಗೇಮುಗಳನ್ನು ಸಮಾಧಾನವಾಗಿ ಆಡುವಂತಾಯಿತು.

ಅಳೆಯುವ ವಿಧಾನದ್ದು ಬೇರೆ ಕತೆ. 1996ರ ಕ್ವೇಕ್ ಗೇಮಿನ ಕಾಲದಲ್ಲಿ, ರೆಕಾರ್ಡ್ ಮಾಡಿಟ್ಟ ಆಟವನ್ನು ಆದಷ್ಟು ವೇಗವಾಗಿ ಓಡಿಸಿ ಸೆಕೆಂಡಿಗೆ ಸರಾಸರಿ ಎಷ್ಟು ಫ್ರೇಮ್ (ಚಿತ್ರ) ಮೂಡಿತೆಂದು ಲೆಕ್ಕ ಹಾಕುತ್ತಿದ್ದರು. 1998ರಲ್ಲಿ 3ಡಿಮಾರ್ಕ್ ಎಂಬ ಪರೀಕ್ಷಾ ತಂತ್ರಾಂಶಗಳ ಸರಣಿ ಶುರುವಾಯಿತು. ಆಮೇಲೆ ಬಂದ ಫ್ರಾಪ್ಸ್ ತಂತ್ರಾಂಶ, ನಾವು ಆಡುತ್ತಿರುವಾಗಲೇ ತೆರೆಯ ಮೂಲೆಯಲ್ಲಿ ಎಣಿಕೆ ತೋರಿಸಿತು. ದೊಡ್ಡ ತಿರುವು 2011ರದ್ದು. ಸರಾಸರಿ ಬಿಟ್ಟು ಒಂದೊಂದು ಫ್ರೇಮಿಗೂ ಹಿಡಿದ ಸಮಯ ನೋಡಬೇಕೆಂದು ಟೆಕ್ ರಿಪೋರ್ಟ್ ಜಾಲತಾಣದ ಸ್ಕಾಟ್ ವಾಸನ್ ಲೆಕ್ಕಸಹಿತ ತೋರಿಸಿದರು.

ಈ ಲೆಕ್ಕ ಸರಳ. ಒಂದು ಸೆಕೆಂಡಿನಲ್ಲಿ 59 ಫ್ರೇಮುಗಳು ತಲಾ 10 ಮಿಲಿಸೆಕೆಂಡಿನಲ್ಲಿ ಮುಗಿದು, ಕೊನೆಯದೊಂದು 410 ಮಿಲಿಸೆಕೆಂಡು ನಿಂತುಬಿಟ್ಟಿತು ಎನ್ನೋಣ. ಲೆಕ್ಕದ ಪ್ರಕಾರ ಆಗಲೂ 60 ಫ್ರೇಮ್. ಆದರೆ ಆಡುವವನ ಕಣ್ಣಿಗೆ ಆಟ ಗಕ್ಕನೆ ತಡವರಿಸಿದ್ದು ಸ್ಪಷ್ಟ.

ಪುಟ್ಟ ಬೋರ್ಡಿನಲ್ಲಿ ಈ ತಡವರಿಕೆಗೆ ಕಾರಣಗಳು ಹೆಚ್ಚು. ರ್‍ಯಾಮ್‌ಗೆ ಸಾಮಾನ್ಯವಾಗಿ ಎರಡೇ ಸ್ಲಾಟು. ಚಿಪ್ಪಿನೊಳಗಿನ ಗ್ರಾಫಿಕ್ಸ್ ಇದೇ ರ್‍ಯಾಮನ್ನು ನೆಚ್ಚಿಕೊಂಡಿರುತ್ತದೆ. ಡಿಡಿಆರ್4-3200 ಒಂದೇ ಹಾಕಿದರೆ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಸಾಗಾಟ, ಜೋಡಿ ಹಾಕಿದರೆ 51.2. ಪ್ರೊಸೆಸರಿಗೆ ವಿದ್ಯುತ್ ಹದಮಾಡಿ ಕೊಡುವ ವಿಆರ್‌ಎಂ ಭಾಗಗಳೂ ಇಕ್ಕಟ್ಟಿನಲ್ಲೇ ಕೂತಿರುತ್ತವೆ. ಅವುಗಳ ಮೇಲೆ ಗಾಳಿ ಆಡುವುದು ಕಡಿಮೆ. ಕೋಣೆ 23 ಡಿಗ್ರಿಯಿದ್ದಾಗ 80ರಲ್ಲಿ ನಿಲ್ಲುವ ಚಿಪ್ಪು, ಕೋಣೆ 38 ಆದಾಗ ಸುಮಾರು 95 ಮುಟ್ಟುತ್ತದೆ. ಅನೇಕ ಪ್ರೊಸೆಸರುಗಳು ಅಲ್ಲಿಂದ 100ರೊಳಗೆ ತಮ್ಮನ್ನು ಉಳಿಸಿಕೊಳ್ಳಲು ವೇಗ ತಗ್ಗಿಸುತ್ತವೆ. ಐದು ನಿಮಿಷದ ಪರೀಕ್ಷೆಯಲ್ಲಿ ಗೆದ್ದ ಬೋರ್ಡು ಅರ್ಧ ತಾಸಿಗೆ ಬಳಲುವುದು ಹೀಗೆ.

ನಮ್ಮ ಊರುಗಳಿಗೆ ಬೇಕಾದ ಪರೀಕ್ಷೆ ಇದು: ಮುಚ್ಚಿದ ಕ್ಯಾಬಿನೆಟ್ಟು, ಅರ್ಧ ತಾಸಿನ ಆಟ, ಮೊದಲ ಮತ್ತು ಕೊನೆಯ ಐದು ನಿಮಿಷದ ಫ್ರೇಮ್ ಸಮಯ. ಅವುಗಳ ಪಕ್ಕದಲ್ಲೇ ಕೋಣೆಯ ತಾಪಮಾನವನ್ನೂ ಬರೆದಿರಬೇಕು. ಹಾಗಾದಾಗ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಬೋರ್ಡು ಹಿಡಿದು ನಿಂತ ರಾಯಚೂರಿನ ಹುಡುಗನಿಗೆ, ತನ್ನ ಮನೆಯ ಮೇ ತಿಂಗಳಿನಲ್ಲಿ ಅದು ಹೇಗೆ ನಡೆದೀತು ಎಂಬುದು ಕೊಳ್ಳುವ ಮೊದಲೇ ತಿಳಿಯುತ್ತದೆ.