ಸುರ್ಕಿ ಗಾರೆ

ಸುರ್ಕಿ ಗಾರೆಯು ಸುಟ್ಟ ಜೇಡಿಮಣ್ಣಿನ ಅಥವಾ ಇಟ್ಟಿಗೆಯ ನುಣುಪಾದ ಪುಡಿಯನ್ನು ಅರಳಿಸಿದ ಸುಣ್ಣ ಮತ್ತು ನೀರಿನೊಂದಿಗೆ ಅರೆದು ಸಿದ್ಧಪಡಿಸುವ ಕಟ್ಟಡ ಸಾಮಗ್ರಿ. ಕಲ್ಲು ಹಾಗೂ ಇಟ್ಟಿಗೆಗಳನ್ನು ಬೆಸೆಯಲು ಇದನ್ನು ಬಳಸಲಾಗುತ್ತದೆ. ನೀರಿನೊಳಗೂ ಗಟ್ಟಿಯಾಗುವ ಗುಣವಿರುವುದರಿಂದ ಪೋರ್ಟ್‌ಲ್ಯಾಂಡ್ ಸಿಮೆಂಟು ಬಳಕೆಗೆ ಬರುವ ಮೊದಲು ಭಾರತದಲ್ಲಿ ಅಣೆಕಟ್ಟು, ಸೇತುವೆ ಮತ್ತು ಕಾಲುವೆಗಳ ನಿರ್ಮಾಣದಲ್ಲಿ ಇದು ಪ್ರಮುಖ ಸಾಮಗ್ರಿಯಾಗಿತ್ತು. ಕಾವೇರಿ ನದಿಗೆ ಕಟ್ಟಲಾದ ಕೃಷ್ಣರಾಜಸಾಗರ, ತುಂಗಭದ್ರಾ ಅಣೆಕಟ್ಟು ಹಾಗೂ ಕೇರಳದಲ್ಲಿರುವ ಮುಲ್ಲಪೆರಿಯಾರ್ ಅಣೆಕಟ್ಟುಗಳು ಸುರ್ಕಿ ಗಾರೆಯ ಕಲ್ಲುಕಟ್ಟಡಕ್ಕೆ ಪ್ರಸಿದ್ಧ ಉದಾಹರಣೆಗಳು. ಸುರ್ಕಿ ಗಾರೆಯ ಹಿಂದಿರುವ ರಾಸಾಯನಿಕ ತತ್ವವೇ ಇಂದಿನ ಅಣೆಕಟ್ಟು ಕಾಂಕ್ರೀಟಿನ ಸಂಶೋಧನೆಗೂ ಆಧಾರವಾಗಿದೆ.

ಪದಮೂಲ

ಕೆಂಪು ಎಂಬ ಅರ್ಥದ ಪಾರಸಿ ಮೂಲದ ‘ಸುರ್ಖ್’ ಎಂಬ ಪದದಿಂದ ‘ಸುರ್ಕಿ’ ಎಂಬ ಹೆಸರು ಬಂದಿದೆ. ಇದು ಪುಡಿಯ ಬಣ್ಣವನ್ನು ಸೂಚಿಸುತ್ತದೆ. ‘ಗಾರೆ’ ಎಂಬುದು ಸುಣ್ಣದಿಂದ ಸಿದ್ಧಪಡಿಸಿದ ಬೆಸುಗೆಯ ಮಿಶ್ರಣಕ್ಕೆ ಕನ್ನಡದಲ್ಲಿ ರೂಢಿಯಲ್ಲಿರುವ ಪದ. ಈ ಕೆಲಸ ಮಾಡುವವರನ್ನು ಗಾರೆ ಕೆಲಸದವರು ಎಂದು ಕರೆಯಲಾಗುತ್ತದೆ. ಸುಣ್ಣದ ಬಳಕೆ ಕಡಿಮೆಯಾದ ನಂತರವೂ ಈ ಹೆಸರು ಉಳಿದುಕೊಂಡಿದೆ.

ತಯಾರಿಕೆ

ಸುಣ್ಣದಕಲ್ಲನ್ನು ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಟ್ಟಾಗ ಅದರಲ್ಲಿರುವ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಸುಟ್ಟಸುಣ್ಣ ಉಳಿಯುತ್ತದೆ. ಇದಕ್ಕೆ ನೀರು ಹಾಕಿದಾಗ ಅದು ಬಿಸಿಯಾಗಿ ಅರಳಿ ಪುಡಿಯಾಗುತ್ತದೆ. ಈ ಅರಳಿದ ಸುಣ್ಣಕ್ಕೆ ಸುರ್ಕಿಯನ್ನು, ಕೆಲವೊಮ್ಮೆ ಮರಳನ್ನೂ ಸೇರಿಸಿ ಗಾರೆ ಗಾಣದಲ್ಲಿ ಅರೆಯಲಾಗುತ್ತಿತ್ತು. ವೃತ್ತಾಕಾರದ ಕಾಲುವೆಯಲ್ಲಿ ಉರುಳುವ ದೊಡ್ಡ ಕಲ್ಲಿನ ಗಾಲಿಯನ್ನು ಎತ್ತುಗಳು ಎಳೆಯುತ್ತಿದ್ದವು. ದೊಡ್ಡ ಕಾಮಗಾರಿಗಳಲ್ಲಿ ಈ ಕೆಲಸಕ್ಕೆ ಯಂತ್ರಗಳೂ ಬಂದವು.

ಸುರ್ಕಿಯ ಗುಣಮಟ್ಟವು ಮಣ್ಣನ್ನು ಸುಡುವ ಉಷ್ಣತೆಯನ್ನು ಅವಲಂಬಿಸಿದೆ. ಜೇಡಿಮಣ್ಣನ್ನು ಸುಮಾರು 600ರಿಂದ 800 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದಾಗ ಅದರ ಹರಳುಗಳೊಳಗೆ ಬಂಧಿತವಾಗಿರುವ ನೀರು ಹೊರಹೋಗಿ, ಹರಳುರಚನೆ ಮುರಿದು, ಸುಣ್ಣದೊಂದಿಗೆ ಸುಲಭವಾಗಿ ವರ್ತಿಸುವ ಸ್ಥಿತಿಗೆ ಬರುತ್ತದೆ. ಉಷ್ಣತೆ ಇನ್ನೂ ಹೆಚ್ಚಾದರೆ ಹೊಸ ಹರಳುಗಳು ಮೂಡಿ ಈ ಗುಣ ನಶಿಸುತ್ತದೆ. ಆದುದರಿಂದ ಗೋಡೆಗೆ ಉತ್ತಮವೆನಿಸುವ, ಚೆನ್ನಾಗಿ ಬೆಂದ ಗಟ್ಟಿ ಇಟ್ಟಿಗೆ ಸುರ್ಕಿಗೆ ಅಷ್ಟು ಯೋಗ್ಯವಲ್ಲ. ಹದವಾಗಿ ಬೆಂದ ಇಟ್ಟಿಗೆಯೇ ಉತ್ತಮ. ಪುಡಿ ನುಣುಪಾದಷ್ಟೂ ಕ್ರಿಯೆ ಚುರುಕಾಗುತ್ತದೆ. ಸುಟ್ಟ ಜೇಡಿಮಣ್ಣಿನ ಪುಡಿಗೆ ಭಾರತೀಯ ಮಾನಕ ಸಂಸ್ಥೆಯ ಐಎಸ್ 1344 ಮಾನದಂಡವೂ, ಕಟ್ಟಡ ಸುಣ್ಣಕ್ಕೆ ಐಎಸ್ 712 ಮಾನದಂಡವೂ ಇವೆ.

ಹಳೆಯ ಕಟ್ಟಡಗಳ ಗಟ್ಟಿತನಕ್ಕೆ ಬೆಲ್ಲ, ಅಳಲೆಕಾಯಿಯ ನೀರು ಮತ್ತು ಮೊಟ್ಟೆಯ ಲೋಳೆಯೇ ಕಾರಣವೆಂಬ ನಂಬಿಕೆ ಜನಜನಿತವಾಗಿದೆ. ಸುಣ್ಣದ ಗಿಲಾವಿನಲ್ಲಿ ಬೆಲ್ಲ ಮತ್ತು ಅಳಲೆಕಾಯಿಯ ಬಳಕೆ ಇದ್ದುದು ನಿಜ. ಅವು ಗಾರೆಯ ಹದವನ್ನು ಉತ್ತಮಗೊಳಿಸುತ್ತವೆ. ಆದರೆ ನೀರಿನಲ್ಲಿ ಗಟ್ಟಿಯಾಗುವ ಗುಣ ಬರುವುದು ಸುರ್ಕಿ ಮತ್ತು ಸುಣ್ಣಗಳ ನಡುವಣ ಕ್ರಿಯೆಯಿಂದ.

ಗಟ್ಟಿಯಾಗುವ ಬಗೆ

ಶುದ್ಧ ಸುಣ್ಣದ ಗಾರೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಸುಣ್ಣದಕಲ್ಲಾಗುವ ಮೂಲಕ ಗಟ್ಟಿಯಾಗುತ್ತದೆ. ಗಾಳಿ ತಲುಪದ ದಪ್ಪ ಗೋಡೆಯ ಒಡಲಿನಲ್ಲಿ ಮತ್ತು ನೀರಿನಡಿಯಲ್ಲಿ ಈ ಕ್ರಿಯೆ ನಡೆಯುವುದಿಲ್ಲ. ಆದ್ದರಿಂದ ಅಣೆಕಟ್ಟಿಗೆ ಅದು ಸೂಕ್ತವಲ್ಲ. ಸುರ್ಕಿಯಲ್ಲಿರುವ ಸಿಲಿಕಾ ಮತ್ತು ಅಲ್ಯೂಮಿನಾಗಳು ನೀರಿನ ಸಮ್ಮುಖದಲ್ಲಿ ಕ್ಯಾಲ್ಸಿಯಂ ಹೈಡ್ರಾಕ್ಸೈಡಿನೊಂದಿಗೆ ವರ್ತಿಸಿ ನೀರಿನಲ್ಲಿ ಸುಲಭವಾಗಿ ಕರಗದ ಕ್ಯಾಲ್ಸಿಯಂ ಸಿಲಿಕೇಟ್ ಮತ್ತು ಅಲ್ಯೂಮಿನೇಟ್ ಹೈಡ್ರೇಟುಗಳನ್ನು ಉಂಟುಮಾಡುತ್ತವೆ. ಇದಕ್ಕೆ ಪೊಜೊಲಾನ ಕ್ರಿಯೆ ಎಂದು ಹೆಸರು. ಇಟಲಿಯ ಪೊಜುವೊಲಿ ಪಟ್ಟಣದ ಸುತ್ತಮುತ್ತಲ ಜ್ವಾಲಾಮುಖಿ ಬೂದಿಯನ್ನು ಪ್ರಾಚೀನ ರೋಮನರು ಸುಣ್ಣದೊಂದಿಗೆ ಬಳಸುತ್ತಿದ್ದುದರಿಂದ ಈ ಹೆಸರು ಬಂದಿದೆ. ಅವರು ಒಡೆದ ಹೆಂಚು, ಮಡಕೆಗಳ ಪುಡಿಯನ್ನೂ ಇದೇ ಉದ್ದೇಶಕ್ಕೆ ಬಳಸಿದ್ದಾರೆ.

ಈ ಕ್ರಿಯೆ ನಿಧಾನವಾದುದು; ತಿಂಗಳುಗಳು, ವರ್ಷಗಳವರೆಗೆ ಮುಂದುವರಿಯುತ್ತದೆ. ಸಿಮೆಂಟಿಗೆ ಹೋಲಿಸಿದರೆ ಸುರ್ಕಿ ಗಾರೆಯ ಬಲ ಕಡಿಮೆ. ಆದರೂ ಅದರಿಂದ ಅಣೆಕಟ್ಟು ಕಟ್ಟಲು ಸಾಧ್ಯವಾದುದಕ್ಕೆ ಕಾರಣ ಭಾರಾಶ್ರಿತ ಅಣೆಕಟ್ಟಿನ ವಿನ್ಯಾಸ. ಇಂತಹ ಕಟ್ಟೆ ತನ್ನ ತೂಕದಿಂದಲೇ ನೀರಿನ ಒತ್ತಡವನ್ನು ತಡೆಯುತ್ತದೆ. ಸುಮಾರು 40 ಮೀಟರ್ ಎತ್ತರದ ಕಲ್ಲುಕಟ್ಟಡದ ಬುಡದಲ್ಲಿ ಸ್ವಂತ ತೂಕದಿಂದ ಉಂಟಾಗುವ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ 9–10 ಕಿಲೋಗ್ರಾಂನಷ್ಟು ಮಾತ್ರ. ಗಾರೆಯ ಬಲಕ್ಕಿಂತ ಅದರ ಸಾಂದ್ರತೆ, ನೀರು ಸೋರದಿರುವಿಕೆ ಮತ್ತು ಬಾಳಿಕೆ ಇಲ್ಲಿ ಹೆಚ್ಚು ಮುಖ್ಯವಾಗುತ್ತವೆ.

ಕಾವೇರಿ ಮತ್ತು ಕಬಿನಿ ಕೊಳ್ಳದಲ್ಲಿ

ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ (ಟಿ. ನರಸೀಪುರ) ತಾಲ್ಲೂಕುಗಳು ಅಣೆ ಮತ್ತು ನಾಲೆಗಳ ದೀರ್ಘ ಪರಂಪರೆಯುಳ್ಳ ಪ್ರದೇಶಗಳು. ಕಪಿಲಾ ಎಂದೂ ಕರೆಯಲಾಗುವ ಕಬಿನಿ ನದಿಗೆ ನಂಜನಗೂಡು ತಾಲ್ಲೂಕಿನಲ್ಲಿ ಹುಲ್ಲಹಳ್ಳಿ ಮತ್ತು ರಾಂಪುರ ಅಣೆಗಳಿವೆ. ಕಾವೇರಿಗೆ ತಲಕಾಡಿನ ಬಳಿ ಇರುವ ಮಾಧವಮಂತ್ರಿ ಅಣೆಗೆ ವಿಜಯನಗರ ಕಾಲದ ಮಾಧವಮಂತ್ರಿಯ ಹೆಸರಿದೆ. ಈ ಬಗೆಯ ಅಣೆಗಳು ನದಿಗೆ ಅಡ್ಡಲಾಗಿ ಹಾಕಿದ ತಗ್ಗಾದ ಕಟ್ಟೆಗಳು. ನೀರನ್ನು ಸಂಗ್ರಹಿಸುವುದಕ್ಕಿಂತ ನಾಲೆಗೆ ತಿರುಗಿಸುವುದು ಅವುಗಳ ಉದ್ದೇಶ. ಪ್ರವಾಹ ಅವುಗಳ ಮೇಲೆಯೇ ಹರಿದುಹೋಗುತ್ತದೆ.

ನಂಜನಗೂಡಿನಲ್ಲಿ ಕಪಿಲಾ ನದಿಗೆ ಕಟ್ಟಿರುವ ಹಳೆಯ ಸೇತುವೆಯನ್ನು 1735ರಲ್ಲಿ ದಳವಾಯಿ ದೇವರಾಜಯ್ಯನ ಕಾಲದಲ್ಲಿ ನಿರ್ಮಿಸಲಾಯಿತೆಂದು ಹೇಳಲಾಗುತ್ತದೆ. ರಸ್ತೆ ಮತ್ತು ರೈಲು ಎರಡನ್ನೂ ಹೊತ್ತ ಈ ಸೇತುವೆ, ಸಿಮೆಂಟಿಗೆ ಮುಂಚಿನ ಕಟ್ಟಡ ವಿಧಾನದ ಬಾಳಿಕೆಗೆ ಈ ಭಾಗದಲ್ಲಿ ಕಣ್ಣಿಗೆ ಕಾಣುವ ನಿದರ್ಶನ.

ಕನ್ನಂಬಾಡಿ ಕಟ್ಟೆ ಎಂದು ಪ್ರಸಿದ್ಧವಾದ ಕೃಷ್ಣರಾಜಸಾಗರದ ಕಾಮಗಾರಿ 1911ರಲ್ಲಿ ಆರಂಭವಾಯಿತು. ಆಗ ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರ್ ಆಗಿದ್ದರು. ಗುಜರಾತಿನ ಪೋರಬಂದರಿನ ಕಾರ್ಖಾನೆಯಲ್ಲಿ ಸಿಮೆಂಟು ಉತ್ಪಾದನೆ ಆರಂಭವಾದುದು 1914ರಲ್ಲಿ. ಅದಕ್ಕೆ ಮುನ್ನ ದೇಶದಲ್ಲಿ ಸಿಮೆಂಟು ಬಹುಮಟ್ಟಿಗೆ ಆಮದು ವಸ್ತುವಾಗಿತ್ತು. ಸ್ಥಳೀಯ ಕಲ್ಲು, ಸುಣ್ಣ ಮತ್ತು ಸುರ್ಕಿಯಿಂದ ಸುಮಾರು 8,600 ಅಡಿ ಉದ್ದ ಹಾಗೂ 130 ಅಡಿ ಎತ್ತರದ ಕಟ್ಟೆಯನ್ನು ನಿರ್ಮಿಸಲಾಯಿತು. ಕಾಮಗಾರಿ 1930ರ ದಶಕದ ಆರಂಭದಲ್ಲಿ ಪೂರ್ಣಗೊಂಡಿತು. ಜಲಾಶಯದ ಗರಿಷ್ಠ ಮಟ್ಟ 124.80 ಅಡಿ, ಸಂಗ್ರಹ ಸಾಮರ್ಥ್ಯ 49.45 ಟಿಎಂಸಿ ಅಡಿ.

ಸಿಮೆಂಟು ಮತ್ತು ಅಣೆಕಟ್ಟು ಕಾಂಕ್ರೀಟು

ಇಪ್ಪತ್ತನೆಯ ಶತಮಾನದಲ್ಲಿ ಸಿಮೆಂಟು ಕಾಂಕ್ರೀಟು ಕಲ್ಲುಕಟ್ಟಡದ ಸ್ಥಾನವನ್ನು ಪಡೆದುಕೊಂಡಿತು. ಅದರೊಂದಿಗೆ ಹೊಸ ಸಮಸ್ಯೆಯೂ ಬಂದಿತು. ಸಿಮೆಂಟು ನೀರಿನೊಂದಿಗೆ ವರ್ತಿಸುವಾಗ ಶಾಖ ಬಿಡುಗಡೆಯಾಗುತ್ತದೆ. ಒಂದು ಘನ ಮೀಟರ್ ಕಾಂಕ್ರೀಟಿನಲ್ಲಿರುವ ಪ್ರತಿ 100 ಕಿಲೋಗ್ರಾಂ ಸಿಮೆಂಟಿಗೆ ಒಳಗಿನ ಉಷ್ಣತೆ ಸುಮಾರು 10ರಿಂದ 12 ಡಿಗ್ರಿ ಸೆಲ್ಸಿಯಸ್ ಏರಬಲ್ಲದು. ಮನೆಯ ತೊಲೆಯಲ್ಲಿ ಈ ಶಾಖ ಬೇಗ ಹೊರಹೋಗುತ್ತದೆ. ಹತ್ತಾರು ಮೀಟರ್ ದಪ್ಪದ ಅಣೆಕಟ್ಟಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಹೊರಮೈ ತಣ್ಣಗಾಗಿ ಕುಗ್ಗುವಾಗ ಬಿಸಿಯಾದ ಒಡಲು ಕುಗ್ಗದೆ ಇರುವುದರಿಂದ ಬಿರುಕುಗಳು ಮೂಡುತ್ತವೆ. ಅಮೆರಿಕದ ಹೂವರ್ ಅಣೆಕಟ್ಟಿನಲ್ಲಿ ಕಾಂಕ್ರೀಟಿನೊಳಗೆ ಕೊಳವೆಗಳನ್ನು ಹುದುಗಿಸಿ ತಣ್ಣೀರು ಹರಿಸುವ ಮೂಲಕ ಈ ಸಮಸ್ಯೆಯನ್ನು ನಿಭಾಯಿಸಲಾಯಿತು.

ಸಿಮೆಂಟಿನ ಒಂದು ಭಾಗಕ್ಕೆ ಬದಲಾಗಿ ಪೊಜೊಲಾನ ಗುಣದ ಪುಡಿಯನ್ನು ಸೇರಿಸುವುದು ಇನ್ನೊಂದು ಪರಿಹಾರ. ಅದು ಸಿಮೆಂಟಿನ ಕ್ರಿಯೆಯಲ್ಲಿ ಹೊರಬರುವ ಸುಣ್ಣವನ್ನೇ ಬಳಸಿಕೊಂಡು ನಿಧಾನವಾಗಿ ಗಟ್ಟಿಯಾಗುವುದರಿಂದ ಶಾಖ ಕಡಿಮೆಯಾಗುತ್ತದೆ. ಉತ್ತರ ಪ್ರದೇಶದ ರಿಹಂದ್ ಅಣೆಕಟ್ಟಿನಲ್ಲಿ ಈ ಉದ್ದೇಶಕ್ಕೆ ಕಲ್ಲಿದ್ದಲಿನ ಹಾರುಬೂದಿಯನ್ನು ಬಳಸಲಾಯಿತು. ಹೀಗೆ ಸುರ್ಕಿಯ ತತ್ವ ಸಿಮೆಂಟು ಕಾಂಕ್ರೀಟಿನೊಳಗೆ ಮರಳಿ ಬಂದಂತಾಯಿತು.

ಸಂಶೋಧನೆಯ ಪ್ರಮುಖ ವಿಷಯಗಳು

ಕ್ಷಾರ–ಜಲ್ಲಿ ಕ್ರಿಯೆ: ಸಿಮೆಂಟಿನಲ್ಲಿರುವ ಸೋಡಿಯಂ ಮತ್ತು ಪೊಟ್ಯಾಸಿಯಂ ಕ್ಷಾರಗಳು ಜಲ್ಲಿಯಲ್ಲಿನ ಕೆಲವು ಬಗೆಯ ಸಿಲಿಕಾದೊಂದಿಗೆ ವರ್ತಿಸಿ ನೀರು ಹೀರಿ ಉಬ್ಬುವ ಲೋಳೆಯನ್ನು ಉಂಟುಮಾಡುತ್ತವೆ. ಅಮೆರಿಕದ ಥಾಮಸ್ ಸ್ಟಾಂಟನ್ 1940ರಲ್ಲಿ ಇದನ್ನು ಮೊದಲು ವಿವರಿಸಿದರು. ಭಾರತದಲ್ಲಿ ರಿಹಂದ್ ಮತ್ತು ಹಿರಾಕುಡ್ ಅಣೆಕಟ್ಟುಗಳಲ್ಲಿ ಇದರ ಪರಿಣಾಮ ಕಂಡುಬಂದಿದೆ. ದಕ್ಷಿಣ ಕರ್ನಾಟಕದಲ್ಲಿ ಹೇರಳವಾಗಿರುವ ಗ್ರಾನೈಟ್ ಮತ್ತು ನೈಸ್‌ನಂತಹ ಶಿಲೆಗಳಲ್ಲಿ ಒತ್ತಡಕ್ಕೆ ಸಿಕ್ಕ ಸ್ಫಟಿಕ ಶಿಲಾಕಣಗಳಿದ್ದರೆ ಕ್ರಿಯೆ ಹಲವು ದಶಕಗಳ ನಂತರ ಪ್ರಕಟವಾಗಬಹುದು. ಆದುದರಿಂದ ಜಲ್ಲಿಯನ್ನು ಮೊದಲೇ ಪರೀಕ್ಷಿಸುವುದು ಅಗತ್ಯ. ಗಾರೆಯ ಸಣ್ಣ ಕಂಬಿಗಳನ್ನು 80 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ 14 ದಿನ ಇರಿಸಿ ಹಿಗ್ಗುವಿಕೆಯನ್ನು ಅಳೆಯುವುದು ಪ್ರಚಲಿತ ವಿಧಾನ. ಸುರ್ಕಿ ಹಾಗೂ ಹಾರುಬೂದಿಗಳು ಈ ಹಿಗ್ಗುವಿಕೆಯನ್ನು ತಗ್ಗಿಸುತ್ತವೆ.

ಸುಣ್ಣ ಕರಗಿಹೋಗುವಿಕೆ: ಕಟ್ಟೆಯ ಮೂಲಕ ಜಿನುಗುವ ನೀರು ಗಾರೆಯಲ್ಲಿ ಕ್ರಿಯೆಗೊಳಗಾಗದೆ ಉಳಿದ ಸುಣ್ಣವನ್ನು ಕರಗಿಸಿ ಒಯ್ಯುತ್ತದೆ. ಹೊರಮೈಯಲ್ಲಿ ಕಾಣುವ ಬಿಳಿಯ ಸುರಿಕೆಗಳು ಇದರ ಗುರುತು. ಜಿನುಗುನೀರಿನ ಪ್ರಮಾಣವನ್ನೂ ಅದರಲ್ಲಿರುವ ಕ್ಯಾಲ್ಸಿಯಂ ಅಂಶವನ್ನೂ ನಿಯತವಾಗಿ ಅಳೆದರೆ ಎಷ್ಟು ಗಾರೆ ನಷ್ಟವಾಗುತ್ತಿದೆ ಎಂದು ಅಂದಾಜಿಸಬಹುದು. ಕಟ್ಟೆಯಿಂದ ಕೊರೆದು ತೆಗೆದ ಮಾದರಿಗಳ ಪರೀಕ್ಷೆ ಮತ್ತು ಶ್ರವಣಾತೀತ ತರಂಗಗಳ ವೇಗದ ಮಾಪನ ಇದಕ್ಕೆ ಪೂರಕ.

ದುರಸ್ತಿ ಸಾಮಗ್ರಿ: ಮೃದುವಾದ ಸುಣ್ಣದ ಗಾರೆಯ ಮೇಲೆ ಅತಿ ಗಟ್ಟಿಯಾದ ಸಿಮೆಂಟಿನ ಸಂದುಗಾರೆ ಹಾಕಿದರೆ ಎರಡೂ ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವುದರಿಂದ ಅದು ಕಿತ್ತುಬರುವ ಸಾಧ್ಯತೆ ಇದೆ. ಆದುದರಿಂದ ಹಳೆಯ ಗಾರೆಗೆ ಹೊಂದುವ ಮಿಶ್ರಣವನ್ನು ರೂಪಿಸುವುದು ಒಂದು ಪ್ರತ್ಯೇಕ ಅಧ್ಯಯನ ವಿಷಯವಾಗಿದೆ.

ಸುಟ್ಟ ಜೇಡಿಮಣ್ಣಿನ ಸಿಮೆಂಟು: ಸುಮಾರು 50 ಭಾಗ ಕ್ಲಿಂಕರ್, 30 ಭಾಗ ಸುಟ್ಟ ಜೇಡಿಮಣ್ಣು, 15 ಭಾಗ ಸುಣ್ಣದಕಲ್ಲು ಮತ್ತು 5 ಭಾಗ ಜಿಪ್ಸಂ ಇರುವ ‘ಎಲ್‌ಸಿ3’ ಸಿಮೆಂಟಿನ ಸಂಶೋಧನೆಯಲ್ಲಿ ಸ್ವಿಟ್ಜರ್ಲೆಂಡ್ ಮತ್ತು ಕ್ಯೂಬಾದ ವಿಜ್ಞಾನಿಗಳೊಂದಿಗೆ ದೆಹಲಿ ಮತ್ತು ಮದ್ರಾಸಿನ ಐಐಟಿಗಳೂ ಪಾಲ್ಗೊಂಡಿವೆ. ಕ್ಲಿಂಕರ್ ಕಡಿಮೆಯಾಗುವುದರಿಂದ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯೂ ತಗ್ಗುತ್ತದೆ.

ಸುರಕ್ಷತೆ

ಹಳೆಯ ಕಟ್ಟೆಗಳ ಸ್ಥಿತಿ ಕೆಳಭಾಗದ ಜನರಿಗೆ ನೇರವಾಗಿ ಸಂಬಂಧಿಸಿದ ವಿಷಯ. ಕೃಷ್ಣರಾಜಸಾಗರದಿಂದ ಬಿಡುವ ಕಾವೇರಿಯ ನೀರು ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯ ಕಬಿನಿ ಜಲಾಶಯದಿಂದ (1974, 19.52 ಟಿಎಂಸಿ ಅಡಿ) ನಂಜನಗೂಡಿನ ಮೂಲಕ ಬರುವ ನೀರು ಟಿ. ನರಸೀಪುರದ ಸಂಗಮದಲ್ಲಿ ಸೇರುತ್ತವೆ. 2019ರ ಆಗಸ್ಟ್‌ನಲ್ಲಿ ಕಬಿನಿಯ ಪ್ರವಾಹದಿಂದ ಮೈಸೂರು–ನಂಜನಗೂಡು ರಸ್ತೆ ಜಲಾವೃತವಾಗಿತ್ತು.

1895ರಲ್ಲಿ ಪೂರ್ಣಗೊಂಡ ಮುಲ್ಲಪೆರಿಯಾರ್ ಅಣೆಕಟ್ಟಿನ ಸುಣ್ಣ–ಸುರ್ಕಿ ಕಟ್ಟಡವನ್ನು 1979ರ ನಂತರ ಕಾಂಕ್ರೀಟಿನ ಮೇಲುಹೊದಿಕೆ, ಉಕ್ಕಿನ ತಂತಿಗಳ ಬಿಗಿತ ಮತ್ತು ಹಿಂಬದಿಯ ಕಾಂಕ್ರೀಟಿನಿಂದ ಬಲಪಡಿಸಲಾಗಿದೆ. ಕೃಷ್ಣರಾಜಸಾಗರದ ಸಮೀಪದ ಕಲ್ಲುಗಣಿ ಸ್ಫೋಟಗಳ ಬಗ್ಗೆ ಎದ್ದ ಆತಂಕದ ಹಿನ್ನೆಲೆಯಲ್ಲಿ ಕರ್ನಾಟಕ ಹೈಕೋರ್ಟ್ 2024ರ ಜನವರಿಯಲ್ಲಿ ಅಣೆಕಟ್ಟಿನ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆಗೆ ತಡೆ ನೀಡಿತು. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯು 15 ಮೀಟರಿಗಿಂತ ಎತ್ತರದ ಕಟ್ಟೆಗಳಿಗೂ, ನಿಗದಿತ ಷರತ್ತುಗಳಿಗೆ ಒಳಪಟ್ಟು 10ರಿಂದ 15 ಮೀಟರ್ ಎತ್ತರದವುಗಳಿಗೂ ಅನ್ವಯಿಸುತ್ತದೆ. ಮುಂಗಾರಿಗೆ ಮೊದಲು ಮತ್ತು ನಂತರ ತಪಾಸಣೆಯನ್ನು ಕಡ್ಡಾಯಗೊಳಿಸುತ್ತದೆ. ಈ ಎತ್ತರವನ್ನು ತಲುಪದ ಹಳೆಯ ಅಣೆಗಳು ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ.

ಇವನ್ನೂ ನೋಡಿ

ಕೃಷ್ಣರಾಜಸಾಗರ
ಕಬಿನಿ ಜಲಾಶಯ
ತುಂಗಭದ್ರಾ ಅಣೆಕಟ್ಟು
ತಿರುಮಕೂಡಲು ನರಸೀಪುರ
ಪೋರ್ಟ್‌ಲ್ಯಾಂಡ್ ಸಿಮೆಂಟು