ಶಿವನಸಮುದ್ರದ ನೆರೆಯಲ್ಲಿ: ವಿದ್ಯುತ್ ಕುಶಲಕರ್ಮಿ ರೂಪುಗೊಂಡ ಬಗೆ

ಕೊಳ್ಳೇಗಾಲದಿಂದ ಮಳವಳ್ಳಿಯ ಕಡೆಗೆ ಬಸ್ಸಿನಲ್ಲಿ ಹೊರಟರೆ ಸ್ವಲ್ಪ ಹೊತ್ತಿನಲ್ಲೇ ಕಾವೇರಿ ನದಿ ಎದುರಾಗುತ್ತದೆ. ಅದು ಇಲ್ಲಿ ಎರಡು ಕವಲಾಗಿ ಒಡೆದು ಗಗನಚುಕ್ಕಿ, ಭರಚುಕ್ಕಿ ಎಂಬ ಜೋಡಿ ಜಲಪಾತಗಳಾಗಿ ಧುಮುಕುತ್ತದೆ. ಶಾಲಾ ಪ್ರವಾಸಕ್ಕೆ ಬಂದ ಮಕ್ಕಳು ನೀರಿನ ಸೊಬಗನ್ನು ನೋಡಿ ಹಿಂದಿರುಗುತ್ತಾರೆ. ಅಲ್ಲೇ ಕಣಿವೆಯಲ್ಲಿರುವ ಹಳೆಯ ವಿದ್ಯುದಾಗಾರದ ಕಡೆಗೆ ಹೆಚ್ಚಿನವರ ಗಮನ ಹೋಗುವುದಿಲ್ಲ. ನಮ್ಮ ನಾಡಿನಲ್ಲಿ ಒಂದು ಹೊಸ ವೃತ್ತಿ ಬೇರೂರಿದ್ದು ಆ ಕಟ್ಟಡದಿಂದ. ಅದೇ ವಿದ್ಯುತ್ ಯಂತ್ರಗಳನ್ನು ನಡೆಸಿ, ಕಾದು, ಕೆಟ್ಟಾಗ ಸರಿಪಡಿಸುವ ಕುಶಲಕರ್ಮಿಯ ವೃತ್ತಿ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೈಸೂರು ಸಂಸ್ಥಾನದ ದಿವಾನರಾಗಿದ್ದವರು ಸರ್ ಕೆ. ಶೇಷಾದ್ರಿ ಅಯ್ಯರ್. ಕಾವೇರಿಯ ನೀರಿನಿಂದ ವಿದ್ಯುತ್ ತೆಗೆದು ಕೋಲಾರದ ಚಿನ್ನದ ಗಣಿಗಳಿಗೆ ಮಾರುವ ಯೋಜನೆಗೆ ಅವರು ಬೆಂಬಲವಾಗಿ ನಿಂತರು. ಅದನ್ನು ರೂಪಿಸಿದವರು ಎಂಜಿನಿಯರ್ ಎ. ಜೆ. ಡಿ ಲಾಟ್‌ಬಿನಿಯೇರ್. ಜನರೇಟರುಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದಲೂ ಟರ್ಬೈನುಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯಿಂದಲೂ ಬಂದವು. 1902ರ ಜೂನ್ 30ರಂದು ವಿದ್ಯುತ್ 92 ಮೈಲಿ, ಎಂದರೆ ಸುಮಾರು 148 ಕಿಲೋಮೀಟರ್ ದೂರ ಹರಿದು ಗಣಿಗಳನ್ನು ತಲುಪಿತು. ಅದನ್ನು ನೋಡುವ ಭಾಗ್ಯ ಶೇಷಾದ್ರಿ ಅಯ್ಯರ್ ಅವರಿಗಿರಲಿಲ್ಲ. 1901ರ ಸೆಪ್ಟೆಂಬರಿನಲ್ಲೇ ಅವರು ತೀರಿಕೊಂಡಿದ್ದರು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದ್ದು 1905ರಲ್ಲಿ.

ಅಷ್ಟು ದೂರಕ್ಕೆ ವಿದ್ಯುತ್ತನ್ನು ಕಳುಹಿಸಿದ್ದು ಹೇಗೆ? ತಂತಿಯಲ್ಲಿ ಆಗುವ ನಷ್ಟ ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಗುಣವಾಗಿರುತ್ತದೆ. ವೋಲ್ಟೇಜನ್ನು ಎರಡರಷ್ಟು ಮಾಡಿದರೆ ಅಷ್ಟೇ ಶಕ್ತಿಯನ್ನು ಅರ್ಧ ಪ್ರವಾಹದಲ್ಲಿ ಸಾಗಿಸಬಹುದು. ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದಲೇ ಇಲ್ಲಿ 35,000 ವೋಲ್ಟುಗಳಷ್ಟು ಒತ್ತಡವನ್ನು ಬಳಸಿದರು. ಆದರೆ ಒತ್ತಡ ಹೆಚ್ಚಿದಷ್ಟೂ ಕಾವಲೂ ಹೆಚ್ಚಬೇಕು. ಎಲ್ಲೋ ಒಂದು ಕಂಬದ ಮೇಲೆ ಪಿಂಗಾಣಿ ಇನ್ಸುಲೇಟರ್ ಒಂದು ಸೀಳಿದರೆ ಸಾಕು, ದೂರದ ಗಣಿಯಲ್ಲಿ ಯಂತ್ರಗಳು ನಿಲ್ಲಬಹುದು. ಯಂತ್ರವನ್ನು ಹಣ ಕೊಟ್ಟು ಹಡಗಿನಲ್ಲಿ ತರಿಸಬಹುದಾಗಿತ್ತು. ಹಗಲಿರುಳು ಅದನ್ನು ನೋಡಿಕೊಳ್ಳುವವರನ್ನು ಮಾತ್ರ ಇಲ್ಲೇ ತಯಾರು ಮಾಡಬೇಕಾಗಿತ್ತು.

ಯಂತ್ರಗಳ ಜೋಡಣೆಗೆ ಅಮೆರಿಕದ ಎಂಜಿನಿಯರುಗಳು ಬಂದಿದ್ದರು. ಇಂಥ ಕೆಲಸದಲ್ಲಿ ವಿದ್ಯುದಾಗಾರವೇ ಶಾಲೆ. ಬೇರಿಂಗ್ ಬಿಸಿಯಾಗಿದೆಯೇ ಎಂದು ಮುಟ್ಟಿ ತಿಳಿಯುವುದು, ಯಂತ್ರದ ಸದ್ದು ಬದಲಾದರೆ ಕಿವಿಗೊಡುವುದು, ಗಂಟೆಗೊಮ್ಮೆ ಮೀಟರ್ ನೋಡಿ ಪುಸ್ತಕದಲ್ಲಿ ಬರೆದಿಡುವುದು, ಇವು ಕೈಕೆಲಸದಿಂದಲೇ ಬರುವ ಪಾಠಗಳು. ಆದರೆ ನೋಡಿ ಕಲಿತ ವಿದ್ಯೆಗೆ ಒಂದು ಮಿತಿ ಇದೆ. ‘ಹೀಗೆ ಮಾಡು’ ಎಂಬುದು ತಿಳಿಯುತ್ತದೆ, ‘ಏಕೆ’ ಎಂಬುದು ತಿಳಿಯುವುದಿಲ್ಲ. ಆ ಕೊರತೆಯನ್ನು ತುಂಬಲು ಶಾಲೆಗಳೇ ಬೇಕಾಗಿದ್ದವು. 1911ರಲ್ಲಿ ತರಗತಿಗಳನ್ನು ಆರಂಭಿಸಿದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ವಿಭಾಗಗಳಲ್ಲಿ ವಿದ್ಯುತ್ ತಂತ್ರಜ್ಞಾನವೂ ಒಂದು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಬೆಂಗಳೂರಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಶಾಲೆಯೂ 1917ರಲ್ಲಿ ಎಂಜಿನಿಯರಿಂಗ್ ಕಾಲೇಜೂ ಪ್ರಾರಂಭವಾದವು.

ಇಲ್ಲಿ ಇತಿಹಾಸದ ಒಂದು ವಿಚಿತ್ರವಿದೆ. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತ ಪ್ರದೇಶ. ಅದು ಮೈಸೂರಿಗೆ ಸೇರಿತ್ತು. ಅದರ ಪಕ್ಕದ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ಆಡಳಿತದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಇಂದು ಬೇರೆ ತಾಲ್ಲೂಕಾಗಿರುವ ಹನೂರು ಆಗ ಕೊಳ್ಳೇಗಾಲದ ಭಾಗ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೂ ಇದೇ ವ್ಯವಸ್ಥೆ. ಜಲಪಾತದ ಸದ್ದು ಇಲ್ಲಿಗೆ ಹತ್ತಿರ. ಅದರ ವಿದ್ಯುತ್ತು ಮೊದಲು ಹೋದದ್ದು ದೂರದ ಗಣಿಗೆ, ಆ ಮೇಲೆ ಬೆಂಗಳೂರು ಮೈಸೂರುಗಳಿಗೆ. ಮೈಸೂರು ಸರ್ಕಾರ ತೆರೆದ ಶಾಲೆಗಳು ಕೊಳ್ಳೇಗಾಲದ ಹುಡುಗರಿಗೆ ಗಡಿಯಾಚೆಯವು. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಗೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಸ್ವಾತಂತ್ರ್ಯಾನಂತರ ಚಿತ್ರ ಬದಲಾಯಿತು. 1950ರಲ್ಲಿ ಕೇಂದ್ರ ಸರ್ಕಾರ ಕುಶಲಕರ್ಮಿಗಳ ತರಬೇತಿ ಯೋಜನೆಯನ್ನು ಆರಂಭಿಸಿತು. ಇಂದಿನ ಐಟಿಐಗಳು ಅದರ ಫಲ. 1961ರ ಅಪ್ರೆಂಟಿಸ್ ಕಾಯಿದೆ, ಕಲಿತವರಿಗೆ ಕಾರ್ಖಾನೆಯೊಳಗೇ ಅಭ್ಯಾಸ ಮಾಡುವ ಅವಕಾಶ ಕೊಟ್ಟಿತು. ವಿದ್ಯುದಾಗಾರದಲ್ಲಿ ಕೈಗೆ ದಕ್ಕುತ್ತಿದ್ದುದೂ ತರಗತಿಯಲ್ಲಿ ತಲೆಗೆ ದಕ್ಕುತ್ತಿದ್ದುದೂ ಹೀಗೆ ಒಂದೇ ತರಬೇತಿಯಲ್ಲಿ ಕೂಡಿದವು. ಎಲೆಕ್ಟ್ರಿಷಿಯನ್ ವೃತ್ತಿಯ ತರಬೇತಿ ಎರಡು ವರ್ಷ. ಎಸ್ಸೆಸ್ಸೆಲ್ಸಿ ಮುಗಿಸಿದವರು ಸೇರಬಹುದು. ಮುಂದೆ ಓದುವ ಮನಸ್ಸಿದ್ದರೆ ಐಟಿಐ ಮುಗಿಸಿದವರಿಗೆ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರ ಪ್ರವೇಶದ ದಾರಿಯಿದೆ. ಅಲ್ಲಿಂದ ಎಂಜಿನಿಯರಿಂಗ್ ಪದವಿಗೂ ಹೋಗಬಹುದು.

ಈ ವಿದ್ಯೆ ನಮ್ಮೂರಿನಲ್ಲಿ ಯಾವ ಉಪಯೋಗಕ್ಕೆ ಬರುತ್ತದೆ? ಎರಡು ಉದಾಹರಣೆ ನೋಡೋಣ. ಈ ಸೀಮೆ ರೇಷ್ಮೆಗೆ ಹೆಸರಾದದ್ದು. ಗೂಡು ಬೇಯಿಸಿ ನೂಲು ತೆಗೆಯುವ ಕಡೆ ಸದಾ ಹಬೆ, ತೇವ. ತೇವ ಸೇರಿದರೆ ಮೋಟಾರಿನ ಸುರುಳಿಗಳ ಅವಾಹಕ ಲೇಪ ದುರ್ಬಲವಾಗುತ್ತದೆ. ‘ಮೆಗ್ಗರ್’ ಎಂಬ ಉಪಕರಣದಿಂದ ಆಗಾಗ ಅಳೆದು ನೋಡುವವನು ಮೋಟಾರ್ ಸುಡುವ ಮೊದಲೇ ಅಪಾಯವನ್ನು ಕಾಣುತ್ತಾನೆ. ಇನ್ನೊಂದು, ಹನೂರಿನ ಕಡೆಯ ರೈತನ ಬೋರ್‌ವೆಲ್. ಮೂರು ಫೇಸುಗಳಲ್ಲಿ ಒಂದು ತಪ್ಪಿದರೆ ಪಂಪ್‌ಸೆಟ್ಟಿನ ಮೋಟಾರು ಗುಂಯ್‌ಗುಟ್ಟುತ್ತಾ ಹೆಚ್ಚು ಪ್ರವಾಹ ಎಳೆದುಕೊಂಡು ಬಿಸಿಯಾಗುತ್ತದೆ. ಸ್ಟಾರ್ಟರಿನ ರಿಲೇ ಸರಿಯಾಗಿದ್ದರೆ ಅದು ತಾನೇ ನಿಲ್ಲುತ್ತದೆ. ರಿಲೇಯನ್ನು ತಂತಿಯಿಂದ ಕಟ್ಟಿ ‘ಸದ್ಯಕ್ಕೆ ನಡೆಯಲಿ’ ಎಂದವನಿಂದ ರೈತನಿಗೆ ಮೋಟಾರೂ ಹೋಗುತ್ತದೆ, ಬೆಳೆಯೂ ಒಣಗುತ್ತದೆ.

ಹೋಗುವುದು ಮೋಟಾರು ಮಾತ್ರವಲ್ಲ. ಕಂಬ ಹತ್ತುವ ಮೊದಲು ಕೇಂದ್ರದಿಂದ ‘ಲೈನ್ ಕ್ಲಿಯರ್’ ಪಡೆಯಬೇಕು, ಸ್ವಿಚ್ ತೆರೆದು ಬೀಗ ಹಾಕಬೇಕು, ತಂತಿಯಲ್ಲಿ ವಿದ್ಯುತ್ ಇಲ್ಲವೆಂದು ಪರೀಕ್ಷಿಸಬೇಕು, ಕೆಲಸದ ಜಾಗದ ಎರಡೂ ಬದಿ ತಂತಿಯನ್ನು ಭೂಮಿಗೆ ಜೋಡಿಸಬೇಕು. ಈ ಕ್ರಮದಲ್ಲಿ ಒಂದನ್ನು ಬಿಟ್ಟರೂ ಪ್ರಾಣಕ್ಕೆ ಅಪಾಯ. ಪಕ್ಕದಲ್ಲಿ ನಿಂತು ಕಲಿತವನು ಅವಸರದಲ್ಲಿ ಇದನ್ನು ಬಿಟ್ಟಾನು. ಕಾರಣ ತಿಳಿದು ಕಲಿತವನು ಬಿಡಲಾರ. ತರಬೇತಿಯ ನಿಜವಾದ ಬೆಲೆ ಇಲ್ಲಿದೆ.

ಪದವಿಗೆ ಹೋಗದವರು ಐಟಿಐಗೆ ಹೋಗುತ್ತಾರೆ ಎಂಬ ಮಾತನ್ನು ನೀವೂ ಕೇಳಿರಬಹುದು. ನಾನು ವಿಜ್ಞಾನ ಪದವೀಧರ. ಪುಸ್ತಕದಲ್ಲಿ ಓಮ್‌ನ ನಿಯಮ ಓದಿದ್ದೇನೆ. ಆದರೆ ಸ್ಟುಡಿಯೋದಲ್ಲಿ ಚಿತ್ರೀಕರಣದ ನಡುವೆ ದೀಪಗಳು ಆರಿದಾಗ ನಾವೆಲ್ಲ ಕಾಯುವುದು ಸ್ಕ್ರೂಡ್ರೈವರ್ ಹಿಡಿದು ಬರುವ ತಂತ್ರಜ್ಞನನ್ನೇ. ಮುಂದಿನ ಸಲ ಶಿವನಸಮುದ್ರಕ್ಕೆ ಹೋದಾಗ ಜಲಪಾತ ನೋಡಿದ ಮೇಲೆ ಆ ವಿದ್ಯುದಾಗಾರದ ಕಡೆಗೂ ಒಮ್ಮೆ ಕಣ್ಣು ಹಾಯಿಸಿ. 1902ರಿಂದ ಅಲ್ಲಿ ಪಾಳಿಯ ಮೇಲೆ ಪಾಳಿ ಎಚ್ಚರವಾಗಿದ್ದವರ ಹೆಸರು ಫಲಕಗಳ ಮೇಲೆ ಕಾಣುವುದಿಲ್ಲ. ಅವರ ವಿದ್ಯೆಯನ್ನು ಮುಂದುವರಿಸುವ ಅವಕಾಶ ಈಗ ಗಡಿಯಾಚೆ ಇಲ್ಲ; ನಿಮ್ಮ ಕೈಗೆ ಎಟುಕುವಷ್ಟು ಹತ್ತಿರದಲ್ಲಿದೆ.