ಬುದ್ಧಿ: ತಲೆಯದೋ ಎದೆಯದೋ

ಬುದ್ಧಿ (ನಾ.) ಸಂಸ್ಕೃತದ ‘ಬುಧ್’ ಎಂದರೆ ಎಚ್ಚರಾಗು, ತಿಳಿ. ಬುದ್ಧ, ಬೋಧೆ, ಪ್ರಬುದ್ಧ ಎಲ್ಲ ಆ ಧಾತುವಿನವೇ. ತಮಿಳರ ‘ಪುತ್ತಿ’ಯೂ ಇದೇ. ಇಂಗ್ಲಿಷ್ ಕಾವ್ಯ ಕಲಿಸುವಾಗ ಬುದ್ಧಿಯನ್ನು ಭಾವದ ಎದುರಿಗಿಟ್ಟು, ಪೋಪ್ ಬುದ್ಧಿಯ ಕವಿ, ವರ್ಡ್ಸ್‌ವರ್ತ್ ಭಾವದ ಕವಿ ಎಂದು ನಮ್ಮ ಮೇಷ್ಟರುಗಳು ಗೆರೆ ಎಳೆದರು. 1926ರಲ್ಲಿ ಬಿಎಂಶ್ರೀ ‘ಇಂಗ್ಲಿಷ್ ಗೀತಗಳು’ ತಂದ ಮೇಲೆ ಕನ್ನಡದ ನವೋದಯ ಕಾವ್ಯ ಭಾವದ ಪಕ್ಷ, ಮುಂದೆ ಬಂದ ನವ್ಯ ಬುದ್ಧಿಯ ಪಕ್ಷ ಎಂಬ ಮಾತೂ ಹುಟ್ಟಿತು. (ನವ್ಯದ ಕವಿ ಅಡಿಗರನ್ನು ಓದಿದವರು ಒಪ್ಪಲಾರರು.)

ಮಾಗಡಿ, ಕನಕಪುರದ ಕಡೆಯ ಆಡುಮಾತಿನಲ್ಲಿ ಈ ಗೆರೆ ನಿಲ್ಲದು. ‘ಬುದ್ಧಿ ಕಲಿಸ್ತೀನಿ’ ಗದರಿಕೆ. ‘ಹೂಂ ಬುದ್ಧೀ’ ಒಡೆಯರಿಗೋ ಸ್ವಾಮಿಗಳಿಗೋ ಕೈಮುಗಿದು ಕೊಡುವ ಉತ್ತರ. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಹುಟ್ಟಿದ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಭಕ್ತರಿಗೆ ‘ಬುದ್ಧಿ’. ಆ ಕರೆಯಲ್ಲಿ ತರ್ಕ ಕಡಿಮೆ, ಅಕ್ಕರೆಯೇ ಹೆಚ್ಚು. ‘ಬುದ್ಧಿಜೀವಿ’ಯ ಪಾಡು ಬೇರೆ: ಈಚೆಗೆ ಅದು ಬೈಗುಳದ ಸಾಲಿಗೆ ಸೇರುತ್ತಿದೆ.